ಪರದೇಶದ ಕಂಬಕ್ಕೆ ಕೈ ಮುಗಿದ ಅಕ್ಕತಂಗಿಯರು

ನಂಬಬೇಡಿ. ತಾಕತ್ತಿದ್ದರೆ ಇದನ್ನು ಕೊನೆಯವರೆಗೆ ಓದಿ, ಒಂದಕ್ಷರವನ್ನೂ ನಂಬದೆ ಎದ್ದು ಹೋಗಿ ನೋಡೋಣ. ಸಿಂಗಾಪುರದ ನದಿ ದಂಡೆಯಲ್ಲಿ ನನ್ನ ಹೆಂಡತಿ ಬೀದಿ ದೀಪಕ್ಕೆ ಕೈ ಮುಗಿದಳು, ಅವಳನ್ನು ನೋಡಿ ಅಲ್ಲಿಯ ಚೀನೀ ಮುದುಕನೊಬ್ಬ ತಾನೂ ಕೈ ಮುಗಿದ ಅಂದರೆ ಜಮಖಂಡಿಯ ಮಂದಿ ನಗುತ್ತಾರೆ. ಮುಧೋಳದವರಂತೂ ತಮ್ಮೂರ ನಾಯಿಯ ಓಟ ಬಿಟ್ಟರೆ ಬೇರೆ ಯಾರ ದೊಡ್ಡಸ್ತಿಕೆಯನ್ನೂ ಇದುವರೆಗೆ ನಂಬಿದವರಲ್ಲ. ಬನಹಟ್ಟಿಯಲ್ಲಿ ಈ ಪ್ರವಾಸದ ಕಥೆ ಬೇರೆ ಥರ ಹೇಳುತ್ತಾರೆ. ಅದು ನನ್ನ ಷಡ್ಡಕನ ಕಡೆಯ ಕಥೆ. ಅದಕ್ಕೆ ಕಿವಿ ಕೊಡಬೇಡಿ.

ನಾನು ಜಮಖಂಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಸೀಮೆಯಲ್ಲಿ ಮದುವೆಯಾದವರ ಪೈಕಿ ಅರ್ಧ ಮಂದಿ ನನ್ನ ಮುಂದೆ ಉಸಿರು ಹಿಡಿದು ನಿಂತವರೇ. "ನಗಬ್ಯಾಡ್ರಿ, ಅಳ್ಳಾಡಬ್ಯಾಡ್ರಿ, ಕೈಗಡಿಯಾರ ಕಾಣೂ ಹಂಗ ಕೈ ತೊಡಿ ಮ್ಯಾಲ ಇಡ್ರಿ" ಅಂದರೆ ದೊಡ್ಡ ದೊಡ್ಡ ಗೌಡರು ಕಲ್ಲಾಗುತ್ತಿದ್ದರು. ಗಡಿಯಾರ ಇಲ್ಲದವರಿಗೆ ನನ್ನದೇ ಒಂದು ಕೆಟ್ಟ ಗಡಿಯಾರ ಕೊಡುತ್ತಿದ್ದೆ. ಹಾಗಾಗಿ ನಮ್ಮ ಸೀಮೆಯ ಎಷ್ಟೋ ಫೋಟೋಗಳಲ್ಲಿ ಒಂದೇ ಹೊತ್ತಾಗಿದೆ.

ಗಲಗಲಿ: ಒಂದು ಮೊಳೆ

ಈ ಪ್ರವಾಸ ನನ್ನ ಹಣೆಯಲ್ಲಿ ಬರೆದಿರಲಿಲ್ಲ, ಷಡ್ಡಕ ಈರಪ್ಪನ ಹಣೆಯಲ್ಲಿತ್ತು. ಈರಪ್ಪ ಅಂದರೆ ನನ್ನ ಹೆಂಡತಿ ನೀಲವ್ವನ ತಂಗಿ ಕಸ್ತೂರಿಯ ಗಂಡ, ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗ ಹಾಕಿಕೊಂಡವನು. ಅವನಿಗೆ ನೂಲು ಮಾರುವ ಕಂಪನಿಯವರು ಖುಷಿಯಾಗಿ, ಗಂಡ ಹೆಂಡತಿಗೆ ಪುಕ್ಕಟೆ ಸಿಂಗಾಪುರ ತೋರಿಸುತ್ತೇವೆ ಅಂದರು. ನಾನೂ ಜೀವಮಾನವೆಲ್ಲ ಫಿಲ್ಮ್ ಕೊಂಡವನೇ. ನನಗೆ ಫಿಲ್ಮ್ ಮಾರುವವರು ಕೊಟ್ಟದ್ದು ಗೋಡೆಯ ಕ್ಯಾಲೆಂಡರ್, ಅದೂ ಹೋದ ವರ್ಷದ್ದು.

"ಅಕ್ಕ ಬರದಿದ್ರ ನಾನೂ ಒಲ್ಲೆ" ಎಂದು ಕಸ್ತೂರಿ ಹಟ ಹಿಡಿದು ಕೂತಳು. ನೀಲವ್ವ ನನ್ನ ಮುಖ ನೋಡಿದಳು. ನಾನು ಗಂಟು ಬಿಚ್ಚಿದೆ.

ಹೊರಡುವ ಮುಂಚೆ ಅತ್ತೆಗೆ ಹೇಳಿ ಬರಲು ನಾಲ್ವರೂ ಗಲಗಲಿಗೆ ಹೋದೆವು. ಕೃಷ್ಣೆಯ ದಂಡೆಗೆ ಅವರ ಮನೆ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರನ್ನು ದನಿಯಿಂದ, ಎಮ್ಮೆಗಳನ್ನು ಕೊರಳ ಗಂಟೆಯಿಂದ ಗುರುತು ಹಿಡಿಯುತ್ತಿದ್ದರು. ಪಡಸಾಲೆಯ ಗೋಡೆಗೆ ತೀರಿಹೋದ ಮಾವನ ಫೋಟೋ, ಅದರ ಪಕ್ಕ ಒಂದು ಖಾಲಿ ಮೊಳೆ. ಅತ್ತೆ ಆ ಮೊಳೆಯನ್ನು ಬೆರಳಿನಿಂದ ಸವರಿದರು.

"ಅಳ್ಯಾರ, ನನ್ನ ಇಬ್ಬರೂ ಹೆಣ್ಣಮಕ್ಕಳು ಕೂಡಿ ನಿಂತಿದ್ದು ಒಂದ ಫೋಟೋನೂ ಈ ಮನ್ಯಾಗ ಇಲ್ಲ. ಊರ ಮಂದೀದೆಲ್ಲಾ ತಗದ್ರಿ. ಇದೊಂದು ತಗೀರಿ."

"ಅದಕ್ಕೇನ್ರಿ ಅತ್ತಿ, ನಾಳೆನ ತಗೀತೇನಿ."

"ನಾಳಿ ಬ್ಯಾಡ. ಆ ಊರಾಗ ಮುಚ್ಚಂಜಿಗೆ ಚುಕ್ಕಿ ನೆಲಕ್ಕ ಇಳದಂಗ ಕಾಣ್ತೈತಂತ. ಆ ಚುಕ್ಕಿ ನಡುವ ಇಬ್ಬರನ್ನೂ ನಿಂದ್ರಿಸಿ ತಗೀರಿ. ಮೊಳಿ ಒಂದ ಐತಿ. ಒಂದ ತರ್ರಿ, ಛಲೋದು ತರ್ರಿ."

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಂಬಕ್ಕೆ ಒರಗಿ ಕೂತಿದ್ದ ಈರಪ್ಪ ಬಾಯಿ ಹಾಕಿದ.

"ಅಲ್ಲಿ ನಾನೂ ಒಂದು ಹೊಸಾ ಕ್ಯಾಮೆರಾ ತಗೋತೇನ್ರಿ ಅತ್ತಿ. ನಾನೂ ತಗೀತೇನಿ. ಯಾರದು ಛಲೋ ಬರ್ತೈತಿ ಅದನ್ನ ಹಾಕೂನು. ಏನಂತೀರಿ ಅಣ್ಣಾರ?"

"ತಮ್ಮಾ, ಕ್ಯಾಮೆರಾ ಅಂದ್ರ ಮಗ್ಗ ಅಲ್ಲೋ, ಗುಂಡಿ ಒತ್ತಿದ್ರ ತಾನ ನೇಯಾಕ," ಅಂದೆ.

ಅತ್ತೆ ನಕ್ಕು, "ಆತು ಬಿಡ್ರಿ, ಇಬ್ಬರೂ ತಗೀರಿ, ನೋಡಿ ಹಾಕೂನು" ಅಂದುಬಿಟ್ಟರು.

ಈಗ ನನ್ನ ಸಂಕಟ ನಿಮಗೆ ತಿಳಿಯಿತಲ್ಲ? ಫೋಟೋದವನ ಹೆಂಡತಿಯ ತವರುಮನೆ. ಅಲ್ಲಿ ಇರುವುದು ಒಂದೇ ಮೊಳೆ. ಅದಕ್ಕೆ ಬನಹಟ್ಟಿಯ ಸೀರೆ ಸಾಹುಕಾರ ಹೊಡೆದ ಫೋಟೋ ತೂಗಿದರೆ, ನಾನು ಬೋರ್ಡು ಇಳಿಸಿ ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಧಂದೆ ಹಿಡಿಯಬೇಕು.

ಇಳಿದ ದಿನ

ಸಿಂಗಾಪುರದಲ್ಲಿ ನನಗೆ ಮೊದಲು ಹೊಟ್ಟೆಕಿಚ್ಚು ಹತ್ತಿದ್ದು ರಸ್ತೆಯ ಮೇಲೆ. ನಮ್ಮ ಮನೆಯ ದೇವರ ಕೋಣೆಯೂ ಅಷ್ಟು ಸ್ವಚ್ಛ ಇರುವುದಿಲ್ಲ. ಆಮೇಲೆ ಕರೆಂಟಿನ ಮೇಲೆ ಹತ್ತಿತು. ಅಲ್ಲಿದ್ದಷ್ಟು ದಿನ ಅದು ಒಮ್ಮೆಯಾದರೂ ಹೋಗಲಿ ಎಂದು ಕಾದೆ, ಹೋಗಲಿಲ್ಲ. ನಮ್ಮಲ್ಲಿ ಕರೆಂಟು ಹೋಗಿ ಬಂದರೆ ಇಡೀ ಓಣಿ "ಹೋ" ಎಂದು ಕೂಗುತ್ತದೆ. ಆ ಊರಿನವರಿಗೆ ಪಾಪ ಆ ಸುಖ ಗೊತ್ತೇ ಇಲ್ಲ.

ಅಲ್ಲಿ ಉಗುಳಿದರೆ ದಂಡ. ಇದು ನಮಗೆ ಗೊತ್ತಾಗುವ ಹೊತ್ತಿಗೆ ಈರಪ್ಪನ ಬಾಯಿ ತುಂಬ ಎಲೆ, ಅಡಿಕೆ, ತಂಬಾಕು. ಕಂಪನಿ ಗೊತ್ತು ಮಾಡಿದ್ದ ತಮಿಳು ಹುಡುಗಿ, ನಮಗೆ ಊರು ತೋರಿಸುವವಳು, ಇಂಗ್ಲಿಷಿನಲ್ಲಿ ವಿವರಿಸುತ್ತ ಹೋದಳು. ಈರಪ್ಪ ಕೆನ್ನೆ ಉಬ್ಬಿಸಿಕೊಂಡು ತಲೆ ಆಡಿಸುತ್ತ ಹೋದ. ತೋಟ ನೋಡಿದೆವು, ವಸ್ತುಸಂಗ್ರಹಾಲಯ ನೋಡಿದೆವು. ಗಂಡಸು ಮಾತಿಲ್ಲ, ಕತೆಯಿಲ್ಲ. ನಾನು ಬೇಕಂತಲೇ ಅವನನ್ನು ಮಾತಾಡಿಸುತ್ತಿದ್ದೆ.

"ಈರಪ್ಪಾ, ಈ ಹೂವು ನಮ್ಮ ಕಡೆ ಏನಂತಾರಪಾ?"

"ಹೂಂ."

"ಕಸ್ತೂರಿ, ನಿನ್ನ ಗಂಡ ಪರದೇಶಕ್ಕ ಬಂದು ಭಾಳ ಗಂಭೀರ ಆಗ್ಯಾನ ನೋಡವಾ."

"ಮಾವಾರ, ಸುಮ್ಮನಿರ್ರಿ. ಅವರು ನುಂಗಿಬಿಟ್ಟಾರು!" ಎಂದು ಅವಳು ಹೆದರಿದಳು. ಅವನು ಹೋಟೆಲ್ಲಿನ ಕೋಣೆ ಮುಟ್ಟಿ, ಸಂಡಾಸಿನ ಬಾಗಿಲು ಹಾಕಿಕೊಂಡು ಹೊರಗೆ ಬಂದ ಮೇಲೆ ಮೊದಲು ಆಡಿದ ಮಾತನ್ನು ನಾನು ಇಲ್ಲಿ ಬರೆಯುವಂತಿಲ್ಲ. ನನ್ನನ್ನು ಕುರಿತೇ ಇತ್ತು.

ಬಂದರಿನ ಸಂಜೆ

ಮುಚ್ಚಂಜೆಯ ಫೋಟೋ ಅಂದರೆ ಏನು ತಿಳಿದಿದ್ದೀರಿ? ಸೂರ್ಯ ಹೋಗಿರಬೇಕು, ಬೆಳಕು ಹೋಗಿರಬಾರದು. ಆಕಾಶದ ಬೆಳಕೂ ದೀಪದ ಬೆಳಕೂ ತಕ್ಕಡಿಯಲ್ಲಿ ಸಮ ತೂಗುವ ಒಂದು ಗಳಿಗೆ ಇರುತ್ತದೆ. ಅದೇ ಬೇಕು. ಜಮಖಂಡಿಯಲ್ಲಿ ರಾಮತೀರ್ಥದ ಗುಡ್ಡದ ಮೇಲೆ ನಿಂತರೆ ಆ ಗಳಿಗೆ ನಿಧಾನಕ್ಕೆ, ಚಹಾ ಕುಡಿದು ಬರುತ್ತದೆ. ಸಿಂಗಾಪುರದಲ್ಲಿ ಸೂರ್ಯ, ಹಗ್ಗ ಹರಿದ ಕೊಡ ಬಾವಿಗೆ ಬಿದ್ದ ಹಾಗೆ ಬೀಳುತ್ತಾನೆ. ದೀಪಗಳೆಲ್ಲ ಒಟ್ಟಿಗೇ ಹತ್ತುತ್ತವೆ. ಹತ್ತಿದ ಕ್ಷಣಕ್ಕೆ ಹೊಡೆದರೆ ಹೊಡೆದೆ, ಇಲ್ಲವಾದರೆ ಕತ್ತಲೆ.

ನಾನು ಬಂದರಿನ ಕಟ್ಟೆಯ ಮೇಲೆ ಸ್ಟ್ಯಾಂಡು ಹೂಡಿದೆ. ನೀಲವ್ವ, ಕಸ್ತೂರಿ ಇಬ್ಬರೂ ಇಳಕಲ್ಲ ಸೀರೆ ಉಟ್ಟು, ಸೆರಗು ಹೊದ್ದು ನಿಂತರು. ಹಿಂದೆ ಹಡಗುಗಳು. ಮಬ್ಬಿನಲ್ಲಿ ಶಟರ್ ಅಷ್ಟು ಹೊತ್ತು ತೆರೆದಿರಬೇಕು, ಎದುರಿಗಿದ್ದವರು ಅಳ್ಳಾಡಬಾರದು.

"ಉಸರ ಹಿಡೀರಿ," ಅಂದೆ. ಹಿಡಿದರು. ದೀಪ ಬಂದವು. ಶಟರ್ ತೆರೆದೆ.

ಇಬ್ಬರೂ ಅದೇ ಗಳಿಗೆಗೆ ದೀಪದ ಕಂಬದ ಕಡೆ ತಿರುಗಿ, ಕೈ ಜೋಡಿಸಿ, ಕಣ್ಣಿಗೊತ್ತಿಕೊಂಡರು!

ನಮ್ಮ ಕಡೆ ಹೆಂಗಸರಿಗೆ ಇದು ಉಸಿರಾಡಿದಷ್ಟೇ ಸಹಜ. ಸಂಜೆ ದೀಪ ಬಂತೋ, ಕೈ ಮುಗಿಯಬೇಕು. ಎಣ್ಣೆಯ ದೀಪವಾಗಲಿ, ಅಡಿಗೆಮನೆಯ ಬಲ್ಬಾಗಲಿ. ಮಾತಿನ ನಡುವೆ, ರೊಟ್ಟಿ ಬಡಿಯುವ ನಡುವೆ, ಜಗಳದ ನಡುವೆಯೂ ಮುಗಿಯುತ್ತಾರೆ. ಮುಗಿದು ಜಗಳ ಮುಂದುವರಿಸುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದದ್ದೇ. ಆದರೆ ಮುಚ್ಚಂಜೆಯ ಫೋಟೋಕ್ಕೂ ಈ ಪದ್ಧತಿಗೂ ಇಂಥ ವೈರ ಇದೆ ಎಂದು ಅಂದೇ ಗೊತ್ತಾದದ್ದು.

"ಏ, ಯಾಕ ಕೈ ಎತ್ತಿದ್ರಿ? ಎಲ್ಲಾ ಕೆಡಿಸಿದ್ರಿ!"

"ದೀಪಾ ಬಂದ್ವಲ್ರಿ," ಅಂದಳು ನೀಲವ್ವ.

"ಪರದೇಶದ ಕಂಬಕ್ಕ ಯಾಕ ಮುಗೀತಿ ನೀನು?"

"ಕಂಬಕ್ಕ ಯಾರು ಮುಗದಾರ? ಬೆಳಕಿಗೆ ಮುಗದೆ. ಬೆಳಕಿಗೆ ಯಾವ ದೇಶಾ?"

ಕಸ್ತೂರಿ ಅಕ್ಕನ ಬೆನ್ನ ಹಿಂದೆ ನಿಂತು ಕಿಸಿಕಿಸಿ ನಕ್ಕಳು. ಅಷ್ಟರಲ್ಲಿ ಆಕಾಶ ಮಸಿಯಾಗಿತ್ತು.

ಅಂಗಡಿ ಸಾಲಿನ ಸಂಜೆ

ಮರುದಿನ ಈರಪ್ಪ ಕ್ಯಾಮೆರಾ ಕೊಂಡ. ಅಂಗೈಯಲ್ಲಿ ಕೂರುವಂಥದು. ಬೆಳಕು ಎಷ್ಟು, ಶಟರ್ ಎಷ್ಟು ಹೊತ್ತು, ಎಲ್ಲ ಅದೇ ನೋಡಿಕೊಳ್ಳುತ್ತದೆ. ನಾನು ನನ್ನ ಗುರುವಿನ ಹತ್ತಿರ ಬೈಗುಳ ತಿಂದು ಕಲಿತದ್ದೆಲ್ಲ ಆ ಡಬ್ಬಿಯ ಹೊಟ್ಟೆಯೊಳಗೆ ಇತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಹಗುರ ಇತ್ತು, ಚಂದ ಇತ್ತು. ಮೈಯೆಲ್ಲ ಉರಿದುಹೋಯಿತು.

ಉರಿದಾಗ ನನಗೆ ಬುದ್ಧಿ ಚುರುಕಾಗುತ್ತದೆ. ಮುಖ ಗಂಟು ಹಾಕಿಕೊಂಡು ಹೇಳಿದೆ: "ಈರಪ್ಪಾ, ಒಂದು ಮಾತು ಲಕ್ಷ್ಯದಾಗ ಇಟ್ಟಕೋ. ಇಲ್ಲಿ ಸರಕಾರಿ ಜಾಗಾದಾಗ ಬೂಟು ಹಾಕ್ಕೊಂಡು ಫೋಟೋ ಹೊಡದ್ರ ದಂಡ ಐತಿ."

"ಖರೆನ?"

"ಉಗುಳಿದ್ರ ದಂಡ ಅನ್ನೂದು ಖರೆ ಇರಲಿಲ್ಲೇನ?"

"ಮತ್ತ ನೀವು ಚಪ್ಪಲಿ ಹಾಕ್ಕೊಂಡ ಹೊಡಿತೀರಲ್ರಿ ಅಣ್ಣಾರ?"

"ನಂದು ಕಸಬು. ಕಸಬಿನವರಿಗೆ ಮಾಫಿ."

ಬಾಯಿ ಕಟ್ಟಿಕೊಂಡು ಊರೆಲ್ಲ ತಿರುಗಿದ್ದ ಮನುಷ್ಯ, ಮತ್ತೆ ಕೇಳಲಿಲ್ಲ. ಅಂದಿನಿಂದ ಈರಪ್ಪ ಫೋಟೋ ಹೊಡೆಯುವಾಗೆಲ್ಲ ಬೂಟು ಕಳಚಿ ಬದಿಗಿಟ್ಟು ಹೊಡೆಯತೊಡಗಿದ. ಅಂಗಡಿ ಸಾಲಿನಲ್ಲಿ ಒಬ್ಬಳು ಚೀನೀ ಅಜ್ಜಿ, ಇವನ ಕಾಲಿಗೆ ಏನೋ ಆಗಿದೆ ಎಂದುಕೊಂಡು ಒಳಗಿನಿಂದ ಸ್ಟೂಲು ತಂದು ಕೊಟ್ಟಳು. ಆಮೇಲೆ ಒಂದು ಮುಲಾಮಿನ ಡಬ್ಬಿ ತಂದಳು. ಗುರುತಿಲ್ಲದವನ ಪಾದಕ್ಕೆ ಮುಲಾಮು ಹಚ್ಚಲು ಬಗ್ಗಿದ ಅಜ್ಜಿಯನ್ನು ನೋಡಿ ನನಗೆ ಒಂದು ಕ್ಷಣ ನಾಚಿಕೆ ಬಂತು. ಒಂದೇ ಕ್ಷಣ.

ಆ ಸಂಜೆ ನಾನು ಉಪಾಯ ಮಾಡಿದೆ. ಅಕ್ಕತಂಗಿಯರನ್ನು ದೀಪಗಳಿಗೆ ಬೆನ್ನು ಮಾಡಿ ನಿಲ್ಲಿಸಿದೆ. ದೀಪ ಕಾಣದಿದ್ದರೆ ಕೈ ಹೇಗೆ ಎತ್ತುತ್ತಾರೆ? ಹೊತ್ತಾಯಿತು, ದೀಪ ಹತ್ತಿದವು, ಶಟರ್ ತೆರೆದೆ. "ಅಕ್ಕಾ, ಮಾವಾರ ಚಾಳೀಸಿನ್ಯಾಗ ದೀಪಾ ಬಂದ್ವು ನೋಡು!" ಎಂದಳು ಕಸ್ತೂರಿ. ನನ್ನ ಕನ್ನಡಕದ ಗಾಜಿನಲ್ಲಿ ಬೀದಿಯೇ ಹೊಳೆಯುತ್ತಿತ್ತಂತೆ. ಇಬ್ಬರೂ ಗಿರಕ್ಕನೆ ಹಿಂದೆ ತಿರುಗಿ ಕೈ ಮುಗಿದರು. ನನ್ನ ಫಿಲ್ಮಿನಲ್ಲಿ ಉಳಿದದ್ದು ಎರಡು ತುರುಬು.

ನದಿ ದಂಡೆ, ಕಡೆಯ ಸಂಜೆ

ಮರುದಿನ ಬೆಳಿಗ್ಗೆ ವಿಮಾನ. ಉಳಿದದ್ದು ಒಂದೇ ಸಂಜೆ. ಈರಪ್ಪನೂ ಅದುವರೆಗೆ ಏನೂ ಗಿಟ್ಟಿಸಿರಲಿಲ್ಲ. ಅವನ ಕೈ ನಡುಗುತ್ತದೆ, ಮಗ್ಗದ ಸದ್ದಿನಲ್ಲಿ ಬೆಳೆದ ಕೈ. ಮಬ್ಬಿನಲ್ಲಿ ಸ್ಟ್ಯಾಂಡಿಲ್ಲದೆ ಹೊಡೆದರೆ ಅವನದೂ ಕೆಡುತ್ತದೆ ಎಂದು ನನಗೆ ಖಾತ್ರಿಯಿತ್ತು. ಅವನು ಒಮ್ಮೆ ನನ್ನ ಸ್ಟ್ಯಾಂಡು ಕೇಳಿದ. "ನನ್ನ ಹೇಂತಿ ಕೇಳು, ಸ್ಟ್ಯಾಂಡ್ ಕೇಳಬ್ಯಾಡ" ಅಂದೆ. ನೀಲವ್ವ ಅಲ್ಲೇ ಇದ್ದಳು. ರಾತ್ರಿ ಅನ್ನ ತಿನ್ನುವವರೆಗೂ ಆ ಮಾತಿಗೆ ನನಗೆ ಶಿಕ್ಷೆ ನಡೆಯಿತು.

ನದಿಯಲ್ಲಿ ಅಗಲ ಹೊಟ್ಟೆಯ ದೋಣಿಗಳು, ದಂಡೆಯಲ್ಲಿ ಹಳೆಯ ಗೋದಾಮುಗಳು, ತಿಂಡಿಯ ಗಾಡಿಗಳ ಹೊಗೆ. ಕೃಷ್ಣೆಯ ಮುಂದೆ ಅದು ನದಿಯೇ ಅಲ್ಲ, ದೊಡ್ಡ ಕಾಲುವೆ. ಆದರೆ ಕೃಷ್ಣೆಯ ಮೇಲೆ ಸಂಜೆಗೆ ಒಂದು ಲಾಟೀನು ಕಂಡರೆ ಹೆಚ್ಚು. ಇಲ್ಲಿ ನೀರಿನ ತುಂಬ ದೀಪ ಬಿದ್ದು ಅಲ್ಲಾಡುತ್ತವೆ. ಅತ್ತೆ ಹೇಳಿದ ಚುಕ್ಕಿಗಳು ಇವೇ. ಆ ಊರಿನವರು ಅವಕ್ಕೆ ಬೆನ್ನು ಹಾಕಿ ನೂಡಲ್ಸ್ ತಿನ್ನುತ್ತಾರೆ. ಪಡೆದವರಿಗೆ ಬೆಲೆಯಿಲ್ಲ ನೋಡಿ.

ಈ ಸಲ ನಾನು ಇಬ್ಬರ ಕೈಗಳನ್ನೂ ತುಂಬಿಸಿದೆ. ನೀಲವ್ವನ ಒಂದು ಕೈಗೆ ಅನಾನಸು, ಇನ್ನೊಂದಕ್ಕೆ ಸಾಮಾನಿನ ಚೀಲ. ಕಸ್ತೂರಿಗೆ ಎರಡೂ ಕೈಯಿಂದ ತಬ್ಬಿ ಹಿಡಿಯುವಂಥ ಗಂಟು.

"ಇದೇನ್ರಿ, ಸಂತಿಯಿಂದ ಬಂದವರಂಗ?" ಎಂದಳು ನೀಲವ್ವ.

"ಹಂಗ ಇರಲಿ. ನಾನು ಆತು ಅನ್ನೂತನಾ ಯಾವುದನ್ನೂ ಕೆಳಗ ಇಡಬ್ಯಾಡ್ರಿ. ಉಸರ ಹಿಡೀರಿ. ನಗಬ್ಯಾಡ್ರಿ."

ದೀಪ ಹತ್ತಿದವು. ಇಬ್ಬರ ಕೈಗಳೂ ಚಡಪಡಿಸಿದವು, ಆದರೆ ಎತ್ತಲಾಗಲಿಲ್ಲ. ನಾನು ಶಟರ್ ತೆರೆದೆ, ಮುಚ್ಚಿದೆ. ಕೂದಲೆಳೆಯಷ್ಟೂ ಅಳ್ಳಾಟವಿಲ್ಲ. ಹಿಂದೆ ನೀರು, ದೀಪ, ದೋಣಿ, ಎಲ್ಲ ನಾನು ಇಟ್ಟಲ್ಲೇ ಇದ್ದವು. "ಆತು!" ಎಂದು ಕೂಗಿದೆ. ಗೆದ್ದೆನೆಂದು ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಕುಣಿದೆ.

"ಆತು" ಎಂದದ್ದೇ ತಡ, ಇಬ್ಬರೂ ಕೈಯಲ್ಲಿದ್ದುದನ್ನು ನೆಲಕ್ಕೆ ಹಾಕಿದರು. ತಡವಾಯಿತಲ್ಲ ಎಂದು ಗಡಿಬಿಡಿಯಿಂದ ದೀಪಕ್ಕೆ ಕೈ ಮುಗಿದರು. ಅನಾನಸು ಉರುಳುತ್ತ ಹೊರಟಿತು. ಕಸ್ತೂರಿ ಅದನ್ನು ಕಾಲಿನಿಂದ ತಡೆದಳು, ಕೈ ಮಾತ್ರ ಬಿಡಲಿಲ್ಲ. ನೀಲವ್ವ ತಂಗಿಯ ಅವತಾರ ನೋಡಿ, ಜೋಡಿಸಿದ ಕೈ ಜೋಡಿಸಿದ ಹಾಗೇ, ತಲೆ ಎತ್ತಿ ನಕ್ಕಳು.

ಪಕ್ಕದ ಗಾಡಿಯಲ್ಲಿ ತಿನ್ನುತ್ತಿದ್ದ ಮುದುಕನೊಬ್ಬ, ದೋಣಿಯವನಿರಬೇಕು, ಇವರು ನೋಡುತ್ತಿದ್ದ ಕಡೆ ತಾನೂ ತಲೆ ಎತ್ತಿ ನೋಡಿದ. ಅಲ್ಲಿ ದೀಪದ ಕಂಬ ಬಿಟ್ಟು ಏನೂ ಇರಲಿಲ್ಲ. ಏನೋ ಇದ್ದರೂ ಇರಬಹುದು ಎಂದುಕೊಂಡನೋ ಏನೋ, ತಿನ್ನುವ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟು ಎರಡೂ ಕೈ ಜೋಡಿಸಿ ಅಲುಗಿಸಿದ. ಆಮೇಲೆ ಮತ್ತೆ ತಿನ್ನತೊಡಗಿದ.

ಅವನು ಕೈ ಜೋಡಿಸಿದ ಗಳಿಗೆಗೇ ನನ್ನ ಎಡಗಡೆ "ಕಟಕ್" ಅಂದಿತ್ತು.

ತಿರುಗಿ ನೋಡುತ್ತೇನೆ, ಈರಪ್ಪ! ದಂಡೆಯ ಗಿಡ್ಡ ಗೋಡೆಯ ಹಿಂದೆ ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತಿದ್ದಾನೆ. ಕಳಚಿದ ಬೂಟುಗಳನ್ನು ಗೋಡೆಯ ಮೇಲೆ ಇಟ್ಟಿದ್ದಾನೆ. ಆ ಬೂಟುಗಳ ನಡುವೆ, ಮೆತ್ತಗೆ ಒತ್ತಿ, ಕ್ಯಾಮೆರಾ ಕೂರಿಸಿದ್ದಾನೆ. ನನ್ನ ಸ್ಟ್ಯಾಂಡಿಗಿಂತ ಗಟ್ಟಿ. ನಾನು ಹೂಡಿದ ಚೇಷ್ಟೆ ಅವನಿಗೆ ಸ್ಟ್ಯಾಂಡಾಗಿ ಕೂತಿತ್ತು!

"ಅಣ್ಣಾರ, ಬೂಟು ಕಳಿಯೂದು ಒಂದು ಲೆಕ್ಕಕ್ಕ ಛಲೋನ ಆತ್ರಿ. ಕೈ ನಡಗಲಿಲ್ಲ," ಎಂದ ಆ ಪುಣ್ಯಾತ್ಮ. ಅವನಿಗೆ ಇನ್ನೂ ದಂಡದ್ದೇ ನಂಬಿಕೆ.

ಜಮಖಂಡಿ: ಕತ್ತಲೆ ಕೋಣೆ

ಎರಡೂ ಕ್ಯಾಮೆರಾಗಳಿಗೆ ಕಪ್ಪು-ಬಿಳುಪು ಫಿಲ್ಮನ್ನೇ ತುಂಬಿದ್ದೆವು, ಊರಲ್ಲಿ ನಾನೇ ತೊಳೆಯಬಹುದು ಎಂದು. ಈರಪ್ಪ ತನ್ನ ರೀಲನ್ನು ನನ್ನ ಕೈಯಲ್ಲಿಟ್ಟು, "ಲಕ್ಷ್ಯ ಕೊಟ್ಟು ತೊಳೀರಿ ಅಣ್ಣಾರ" ಎಂದು ಬನಹಟ್ಟಿ ಬಸ್ಸು ಹತ್ತಿದ. ಬೆಕ್ಕಿನ ಕೈಗೆ ಹಾಲು ಕಾಯಲು ಕೊಟ್ಟ ಹಾಗೆ.

ಕತ್ತಲೆ ಕೋಣೆಯ ಬಾಗಿಲು ಒಂದು ಬೆರಳಷ್ಟು ತೆರೆದರೆ ಸಾಕು, ರೀಲು ಕೆಡುತ್ತದೆ. "ಬಿಸಿ ದೇಶ, ಕೆಟ್ಟಿತ್ತಪಾ" ಅಂದರೆ ಯಾರು ಕೇಳುವವರು? ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತೆ, ಬಹಳ ಹೊತ್ತು ನಿಂತೆ. ತೆರೆಯಲಿಲ್ಲ. ಒಳ್ಳೆಯತನದಿಂದ ಎಂದು ತಿಳಿಯಬೇಡಿ, ಅವನ ಫೋಟೋ ಹೇಗೆ ಬಂದಿದೆ ಎಂಬ ಚಪಲ ತಡೆಯಲಾಗಲಿಲ್ಲ, ಅಷ್ಟೇ.

ಮೊದಲು ನನ್ನದನ್ನು ದೊಡ್ಡದು ಮಾಡಿದೆ. ಏನು ಫೋಟೋ! ಸೀರೆಯ ದಡಿಯ ಗೆರೆ ಎಣಿಸಬಹುದು. ನೀರಿನಲ್ಲಿ ಚುಕ್ಕಿ ಚುಕ್ಕಿ ದೀಪ. ನಡುವೆ ಅಕ್ಕತಂಗಿಯರು ತಹಶೀಲ್ದಾರ ಕಚೇರಿಯ ಮುಂದೆ ಸಾಹೇಬರ ದಾರಿ ಕಾಯುವವರ ಹಾಗೆ ನಿಂತಿದ್ದರು. ಅನಾನಸಿನ ಮುಖ ನನ್ನ ಹೆಂಡತಿಯದಕ್ಕಿಂತ ಖುಷಿಯಾಗಿತ್ತು.

ಆಮೇಲೆ ಈರಪ್ಪನ ಫೋಟೋದ ಕಾಗದವನ್ನು ಔಷಧದ ನೀರಿಗೆ ಹಾಕಿದೆ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಿಂದ ಮೊದಲು ಜೋಡಿಸಿದ ಕೈಗಳು ಮೇಲೆ ಬಂದವು. ಆಮೇಲೆ ಕಸ್ತೂರಿಯ ಒಂದು ಕಾಲು. ಆಮೇಲೆ ಮುದುಕನ ಬಟ್ಟಲು. ಎಲ್ಲಕ್ಕಿಂತ ಕೊನೆಗೆ ನೀಲವ್ವನ ನಗು ಬಂತು. ಅವಳ ಮುಖ ಅರೆಗಳಿಗೆ ಅಳ್ಳಾಡಿ ಅಂಚು ತುಸು ಮಸುಕಾಗಿತ್ತು. ನನ್ನ ಸ್ಟುಡಿಯೋದಲ್ಲಿ ಇಂಥದನ್ನು ಹರಿದು ಹಾಕುತ್ತಿದ್ದೆ.

ನೀಲವ್ವನನ್ನು ನಾನೂ ಎಷ್ಟೋ ಸಲ ಕ್ಯಾಮೆರಾದ ಮುಂದೆ ಕೂರಿಸಿದ್ದೆ. ಈ ನಗು ಒಮ್ಮೆಯೂ ಸಿಕ್ಕಿರಲಿಲ್ಲ. ಸಿಕ್ಕೀತು ಹೇಗೆ? ಅವಳು ಎದುರಿಗೆ ಬಂದರೆ ಸಾಕು, "ಉಸರ ಹಿಡಿ, ನಗಬ್ಯಾಡ" ಎಂದು ನಾನೇ ಶುರು ಮಾಡುತ್ತಿದ್ದೆ. ಈರಪ್ಪನ ಮೇಲೆ ಉರಿದೆ, ಬೂಟುಗಳ ಮೇಲೆ ಉರಿದೆ. ಕೊನೆಗೆ, ಹೇಳಲು ನಾಚಿಕೆಯೇ, ಅವಳು ಮುಖ ಎತ್ತಿ ನೋಡುತ್ತಿದ್ದ ಆ ಸಿಂಗಾಪುರದ ಕಂಬದ ಮೇಲೂ ಉರಿದೆ.

ಹೊರಗಿನಿಂದ ನೀಲವ್ವ ಬಾಗಿಲು ಬಡಿದಳು. "ಬಂತೇನ್ರಿ?"

"ಬಂದೈತಿ."

"ಯಾರದು ಛಲೋ ಬಂದೈತಿ?"

"ಯಾರದಂತ ಕೇಳ್ತಿ? ನಂದ," ಅಂದೆ.

ಮತ್ತೆ ಗಲಗಲಿ

ಎರಡಕ್ಕೂ ಚೌಕಟ್ಟು ಹಾಕಿಸಿಕೊಂಡು ನಾಲ್ವರೂ ಗಲಗಲಿಗೆ ಹೋದೆವು. ಅಕ್ಕತಂಗಿಯರು ಅಡಿಗೆಮನೆ ಸೇರಿದರು. ಈರಪ್ಪನಿಗೆ ಕೂತಲ್ಲಿ ಕೂರಲಾಗದೆ, "ನಾನು ಹೊಳಿ ನೋಡಿ ಬರ್ತೇನಿ" ಎಂದು ಎದ್ದು ಹೋದ. ಗಂಡಸು ಹೆದರಿದ್ದ. ಪಡಸಾಲೆಯಲ್ಲಿ ಅತ್ತೆ, ನಾನು, ಎರಡು ಫೋಟೋ ಉಳಿದೆವು.

ಅತ್ತೆ ಒಂದೊಂದನ್ನೇ ಬಾಗಿಲ ಬೆಳಕಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಆಮೇಲೆ ಎರಡನ್ನೂ ನೆಲಕ್ಕಿಟ್ಟು, ಈರಪ್ಪನ ಫೋಟೋದ ಮೇಲೆ ಬೆರಳಿಟ್ಟು, "ಇದ" ಅಂದರು. ನಾನೇ ಎದ್ದು ಮೊಳೆಗೆ ತೂಗು ಹಾಕಿದೆ. ಹೊಳೆಯಿಂದ ಬಂದ ಈರಪ್ಪ ಅದನ್ನು ನೋಡಿ ಅತ್ತೆಯ ಕಾಲಿಗೆ ಬಿದ್ದ. ಅಂದಿನಿಂದ ಇಂದಿನವರೆಗೆ, ಬೀಳಗಿಯ ಬೀಗರ ಮನೆಯಾಗಲಿ, ಮುಧೋಳದ ಮದುವೆಯಾಗಲಿ, ಅವನು ನನ್ನನ್ನು ಕಂಡಲ್ಲೆಲ್ಲ ಮಂದಿಗೆ ತೋರಿಸಿ, "ಇವರು ಫೋಟೋದವರು. ಆದ್ರ ಅತ್ತಿ ಆರಿಸಿದ್ದು ನಂದು" ಎನ್ನುತ್ತಾನೆ. ನಾನು ಹಲ್ಲು ಕಡಿದುಕೊಂಡು ಸುಮ್ಮನಿರುತ್ತೇನೆ.

ಈಗ ಹೇಳಿ, ಇದರಲ್ಲಿ ಯಾವುದನ್ನು ನಂಬಲಿಲ್ಲ? ಚೀನೀ ಮುದುಕನನ್ನೇ? ಅವನು ಖರೆ, ಫೋಟೋದಲ್ಲೇ ಇದ್ದಾನೆ. ಬೂಟು? ಅದೂ ಖರೆ. ಚಿಲಕದ ಮೇಲಿನ ನನ್ನ ಕೈಯೂ ಖರೆ.

ಒಂದೇ ಒಂದು ಮಾತು ನಾನು ಕಟ್ಟಿದ್ದು. ಅತ್ತೆ ಆರಿಸಲಿಲ್ಲ. ಬೆಳಕಿಗೆ ಹಿಡಿದರು, ಮೂಗಿಗೆ ತಾಗಿಸಿದರು, ಎಲ್ಲ ಮಾಡಿ ಎರಡನ್ನೂ ನನ್ನ ಮುಂದೆ ಇಟ್ಟರು. "ಅಳ್ಯಾರ, ನನಗ ಎರಡೂ ಮಬ್ಬ ಕಾಣ್ತಾವ. ಕಸಬು ನಿಮ್ಮದು. ನನ್ನ ಮಕ್ಕಳು ಯಾವುದರಾಗ ಛಂದ ಕಾಣ್ತಾರ, ನೀವ ಹೇಳ್ರಿ" ಅಂದರು. ಅಡಿಗೆಮನೆಯಿಂದ ಅಕ್ಕತಂಗಿಯರು ನಗುವುದು ಕೇಳುತ್ತಿತ್ತು. ನಾನು ಬಗ್ಗಿ, ಅತ್ತೆಯ ಬೆರಳು ಹಿಡಿದು, ಈರಪ್ಪನ ಫೋಟೋದ ಮೇಲೆ ಇಟ್ಟೆ.